ಮುದ್ರೆ ಬೀಳದ ಬೀಗಗಳು

"ಅಂಗಿ ಬಿಚ್ಚೋ ಮುದುಕ. ಇದನ್ನ ಹಾಕ್ಕೊಂಡ್ರೆ ಬೀಗ ಮಾಡೋನ ಹಾಗೆ ಕಾಣ್ತೀಯಾ? ಎರಡನೇ ಮದುವೆಗೆ ಹೊರಟೋನ ಹಾಗೆ ಕಾಣ್ತೀಯ."

ಚಿಕ್ಕ ಸಾಹುಕಾರ ಹೀಗೆಂದಾಗ ಕ್ಯಾಮೆರಾದವನು ಕಿಸಕ್ಕನೆ ನಕ್ಕ. ಕೀಲಿಯಜ್ಜ ಗುಂಡಿ ಬಿಚ್ಚಿದ. ಫೋಟೋ ತೆಗೆಯುತ್ತಾರೆಂದು ತಾನೇ ಒಗೆದು, ಒಣಗಿಸಿ, ಹಾಕಿಕೊಂಡ ಅಂಗಿ ಅದು. ಹೆಂಡತಿ ಹೋದ ಮೇಲೆ ಅವನ ಮೈಮೇಲೆ ಏನಿದೆ ಎಂದು ನೋಡುವವರೇ ಇರಲಿಲ್ಲ. ಇವತ್ತು ಯಾರಾದರೂ ನೋಡುತ್ತಾರಲ್ಲ ಎಂದು ಬೆಳಗಿನಿಂದ ಒಳಗೊಳಗೇ ಖುಷಿಪಟ್ಟಿದ್ದ.

"ಮುಖಕ್ಕೆ ಒಂಚೂರು ಮಸಿ ಬಳಿ."

ಅಜ್ಜ ಬಳಿಯಲಿಲ್ಲ. ಸಾಹುಕಾರನ ಗುಮಾಸ್ತ ಕುಲುಮೆಯ ಮಸಿಗೆ ಬೆರಳದ್ದಿ ಅವನ ಎರಡೂ ಕೆನ್ನೆಗೆ ಬಳಿದು, ಆ ಬೆರಳನ್ನು ಅಜ್ಜ ಬಿಚ್ಚಿಟ್ಟ ಅಂಗಿಗೇ ಒರೆಸಿಕೊಂಡ.

ಒಂದು ಕಾಲಕ್ಕೆ ಈ ಬೀದಿಯಲ್ಲಿ ಬೆಳಗಾಗುವುದೇ ಅರದ ಸದ್ದಿನಿಂದ. ಮನೆಮನೆಯಲ್ಲೂ ಬೀಗ ಮಾಡುವವರೇ. ಈ ಸಾಹುಕಾರನ ತಾತ ಆ ಬೀಗಗಳನ್ನು ಹಡಗಿಗೆ ತುಂಬಿ ಹೊರದೇಶಕ್ಕೆ ಕಳಿಸಿ ಮನೆಗೆ ಮಹಡಿ ಕಟ್ಟಿಸಿದ. ಅಪ್ಪ, ಅಲ್ಲಿಯವರಿಗೆ ಇನ್ನೂ ಅಗ್ಗಕ್ಕೆ ಬೇಕಂತೆ ಎಂದು ಕೂಲಿ ಕಡಿದು ಇನ್ನೊಂದು ಮಹಡಿ ಏರಿಸಿದ. ಈ ಚಿಕ್ಕ ಸಾಹುಕಾರನ ಕಾಲಕ್ಕೆ ಅದೇ ಹಡಗುಗಳು ಯಂತ್ರದ ಬೀಗಗಳನ್ನು ತುಂಬಿಕೊಂಡು ಇತ್ತ ಬಂದವು. ಅವನು ಅವನ್ನೂ ಮಾರಿದ, ಮತ್ತೊಂದು ಮಹಡಿ ಎದ್ದಿತು. ಹಡಗು ಹೋದರೂ ಅವರಿಗೆ ಲಾಭ, ಬಂದರೂ ಲಾಭ. ಬೀದಿಯ ಕುಲುಮೆಗಳು ಮಾತ್ರ ಒಂದೊಂದಾಗಿ ತಣ್ಣಗಾದವು.

ಬೀದಿಗೆ ತನ್ನದೇ ಒಂದು ಕಟ್ಟಳೆಯಿತ್ತು. ಮಾಡಿದವನು ತನ್ನ ಬೀಗಕ್ಕೆ ಸುಮ್ಮನೆ ಮುದ್ರೆ ಒತ್ತುವಂತಿಲ್ಲ. ಮೊದಲು ನೆರೆಮನೆಯವನಿಗೆ ಕೊಡಬೇಕು. ಅವನು ಕೀಲಿಯಿಲ್ಲದೆ ತೆಗೆಯಲು ತಂತಿ ಹಾಕಿ ತಿಣುಕಾಡಿ, ಸೋತೆ ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಮುದ್ರೆ. ಕೀಲಿಯಜ್ಜನ ಬೀಗಗಳನ್ನು ನೋಡುತ್ತಿದ್ದವನು ಎದುರುಮನೆಯ ಭಾವ, ಹೆಂಡತಿಯ ಅಣ್ಣ. "ಬೋಳಿಮಗನೆ, ಇದರೊಳಗೆ ನನ್ನ ತಂಗಿನ ಕೂರಿಸಿದ್ದೀಯೇನೋ? ಜಪ್ಪಯ್ಯ ಅಂದ್ರೂ ಬಾಯಿ ಬಿಡ್ತಿಲ್ಲ" ಎಂದು ಬೈದು ಬೀಗವನ್ನು ಮಡಿಲಿಗೆ ಎಸೆಯುತ್ತಿದ್ದ. ಆ ಬೈಗುಳ ಕೇಳಿದ ದಿನ ಅಜ್ಜನಿಗೆ ಊಟ ರುಚಿಸುತ್ತಿತ್ತು.

ಬೀದಿಯಿಂದ ಕೊನೆಗೆ ಹೊರಟವನು ಭಾವನೇ. ಬಂದರಿನಲ್ಲಿ ಪೆಟ್ಟಿಗೆ ಹೊರಲು ಹೋದ, ಅದೂ ಹೊರದೇಶದ ಬೀಗದ ಪೆಟ್ಟಿಗೆಗಳನ್ನು. ಅಲ್ಲೇ ಸತ್ತ. ಅಜ್ಜ ಈಗಲೂ ಬೀಗ ಮಾಡುತ್ತಾನೆ, ತೆಗೆದು ನೋಡುವವರಿಲ್ಲ. ಗೋಡೆಯ ಗೂಡಿನ ತುಂಬ ಮುದ್ರೆ ಬೀಳದ ಬೀಗಗಳು. ಒಂದೆರಡು ಸಲ ಭಾವನ ದನಿಯಲ್ಲಿ ತನಗೆ ತಾನೇ ಬೈದುಕೊಂಡಿದ್ದ. ಖಾಲಿ ಬೀದಿಯಲ್ಲಿ ಆ ದನಿ ಕೇಳಿ ಅವನಿಗೇ ಅಳು ಬಂದಿತ್ತು.

"ಮುದ್ರೆ ಎಲ್ಲಿ?" ಎಂದ ಸಾಹುಕಾರ. "ಬೀದಿಯಲ್ಲಿ ಉಳಿದಿರೋದು ನಿನ್ನದೊಂದೇ. ಕೊಟ್ರೆ ನಮ್ಮ ಈ ಕೋಣೇಲಿ ಸಾಯೋ ತನಕ ಬಿದ್ದಿರು. ಇಲ್ಲಾಂದ್ರೆ ನಾಳೆ ನಿನ್ನ ಪಾತ್ರೆಪಡಗ ಬೀದಿಗೆ."

"ಯಾವ ಬೀಗಕ್ಕೆ ಹೊಡೀತೀರಿ ಧಣಿ?"

"ಹಡಗಲ್ಲಿ ಬಂದಿರೋದಕ್ಕೆ."

"ಅದನ್ನ ಯಾರು ತೆಗೆದು ನೋಡಿದ್ರು?"

"ಯಾವನು ನೋಡಿದ್ರೇನು? ಜನ ಮುದ್ರೆ ನೋಡಿ ದುಡ್ಡು ಕೊಡ್ತಾರೆ. ಪೆಟ್ಟಿಗೆ ಮೇಲೆ ನಿನ್ನ ಪಟ ಬೇರೆ ಹಾಕಿಸ್ತಿದ್ದೀನಿ, ನಿಮ್ಮಪ್ಪ ಕನಸಲ್ಲಾದ್ರೂ ಕಂಡಿದ್ನಾ? ಮುಚ್ಕೊಂಡು ಕುಲುಮೆ ಹೊತ್ತಿಸು."

ಅಜ್ಜ ಕುಲುಮೆ ಹೊತ್ತಿಸಿದ. ತಿದಿ ಒತ್ತಿದ. ಕೆಂಡ ನಿಗಿನಿಗಿ ಎಂದಾಗ ಕಬ್ಬಿಣ ಬಡಿಯುವ ಅಡೆಗಲ್ಲಿನ ಬುಡದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಒಳಗಿನ ಉಕ್ಕಿನ ಮುದ್ರೆ ಕಂಡು ಸಾಹುಕಾರನ ಮುಖ ಅರಳಿತು. ಅಜ್ಜ ಅದನ್ನು ಇಕ್ಕಳದಲ್ಲಿ ಹಿಡಿದು ಕೆಂಡಕ್ಕಿಟ್ಟ.

"ಹಾಂ, ಹಾಗೇ ತಾತ, ಹಾಗೇ," ಎಂದ ಕ್ಯಾಮೆರಾದವನು, ಮಂಡಿಯೂರಿ.

ಮುದ್ರೆ ಕೆಂಪಗಾಯಿತು. ಅಡೆಗಲ್ಲಿನ ಮೇಲಿಟ್ಟು ಅಜ್ಜ ಅದರ ಮುಖಕ್ಕೇ ಸುತ್ತಿಗೆ ಎತ್ತಿ ಹೊಡೆದ. ಕಿಡಿ ಹಾರಿತು. ಮತ್ತೆ ಹೊಡೆದ. ತನ್ನ ಅಪ್ಪ ಕೊರೆದಿದ್ದ ಗೆರೆಗಳು ಚಪ್ಪಟೆಯಾದವು. ಕ್ಯಾಮೆರಾ ಟಕಟಕ ಎನ್ನುತ್ತಲೇ ಇತ್ತು.

ಸಾಹುಕಾರನ ತಲೆಗೆ ಆಮೇಲೆ ಹೊಳೆಯಿತು. "ಲೇ ಸೂಳೆಮಗನೆ, ಏನೋ ಮಾಡಿದೆ?"

"ಸೋತೆ ಅನ್ನೋಕೆ ಭಾವ ಇಲ್ಲ ಧಣಿ," ಎಂದ ಅಜ್ಜ. "ಮುದ್ರೆ ಯಾಕೆ?"

ಒದೆ ಸೊಂಟಕ್ಕೆ ಬಿತ್ತು. ಮಾರನೆಯ ದಿನ ಪಾತ್ರೆಗಳ ಜೊತೆ ಗೂಡಿನ ಬೀಗಗಳೂ ಬೀದಿಗೆ ಬಿದ್ದವು, ಗುಜರಿಯವನು ಗೋರಿಕೊಂಡು ಹೋದ. ಹೊಸ ಮುದ್ರೆಗೆ ಸಾಹುಕಾರ ಹೆಚ್ಚು ಕಷ್ಟಪಡಲಿಲ್ಲ. ಮುದ್ರೆಯಿದ್ದ ಹಳೆಯ ಬೀಗವೊಂದನ್ನು ಮಾದರಿಗೆಂದು ಹೊರದೇಶಕ್ಕೆ ಕಳಿಸಿದ, ಮುಂದಿನ ಹಡಗಿನಲ್ಲಿ ಮುದ್ರೆ ಬಿದ್ದ ಬೀಗಗಳೇ ಬಂದಿಳಿದವು.

ಬಸ್ ನಿಲ್ದಾಣದ ಜಗಲಿಯಲ್ಲಿ ಮಲಗುವ ಕೀಲಿಯಜ್ಜ ಒಂದು ದಿನ ಪೇಟೆಯಲ್ಲಿ ತನ್ನನ್ನೇ ಕಂಡ. ಅಂಗಡಿಯ ತುಂಬ ಪೆಟ್ಟಿಗೆಗಳು, ಪೆಟ್ಟಿಗೆಗೊಬ್ಬ ಅವನು. ಬರಿಮೈ, ಮಸಿ ಮುಖ, ಎತ್ತಿದ ಸುತ್ತಿಗೆ, ಸುತ್ತ ಕಿಡಿ.

"ಬೀಗ ಬೇಕಾ ತಾತ?" ಎಂದಳು ಅಂಗಡಿಯಾಕೆ. "ಇದನ್ನ ತಗೊಳ್ಳಿ, ನಮ್ಮೂರ ಕೈಕೆಲಸ. ಮಾಡೋನ ಪಟಾನೂ ಇದೆ ನೋಡಿ."

"ಅವನು ಮಾಡ್ತಿಲ್ಲಮ್ಮ. ಹಾಳು ಮಾಡ್ತಿದ್ದಾನೆ."

ಆಕೆ ಪಟ ನೋಡಿದಳು, ಅವನನ್ನು ನೋಡಿದಳು. ಗುರುತು ಸಿಗಲಿಲ್ಲ. "ಸರಿ ಸರಿ, ಮುಂದೆ ಹೋಗಿ. ಗಿರಾಕಿ ಬರೋ ಹೊತ್ತು."

ಅಜ್ಜ ಮುಂದೆ ಹೋದ. ಪಕ್ಕದ ಅಂಗಡಿಯಲ್ಲೂ ಅವೇ ಪೆಟ್ಟಿಗೆಗಳಿದ್ದವು. ಅಲ್ಲಿ ನಿಂತು ಅದನ್ನೇ ಹೇಳಿದ. ಆಮೇಲೆ ಅದರಾಚೆಯ ಅಂಗಡಿಗೆ ಹೋದ.