ದೀಪದ ಮುಂದಿನ ಸೀಸೆ

"ಕುಯ್ಯೋದು ಬ್ಯಾಡ ಅಂತ ಯೇಳ್ಬುಟ್ಟು ಬಂದೆ," ಎಂದಳು ರಾಧಾಮಣಿ, ಮುದ್ದೆ ತಿರುವುವ ಕೈ ನಿಲ್ಲಿಸದೆ.

ಯೋಗೇಶನ ಕೈಯಲ್ಲಿದ್ದ ನೀರಿನ ಲೋಟ ಅರ್ಧದಲ್ಲೇ ನಿಂತಿತು. ಬೂಕನಕೆರೆಯ ಅಣ್ಣನ ಮನೆಗೆ ಬಂದು ಕೂತದ್ದು ಈಗಷ್ಟೇ.

"ಯಾರಿಗೆ ಅತ್ತಿಗೆ?"

"ಮೈಸೂರು ಡಾಕ್ಟ್ರಿಗೆ. ಎದೇಲಿ ಗಂಟದೆ, ಒಂಚೂರು ಕುಯ್ದು ನೋಡ್ಬೇಕು ಅಂದ್ರು. ಕುಯ್ಯದೇನೇ ನೋಡೋ ಇದ್ಯೆ ನಮ್ಮನೇಲೇ ಅದೆ ಅಂದೆ. ಆವಯ್ಯ ಬಾಯಿ ಬುಟ್ಕಂಡು ಕೂತ್ಕಂಡ."

"ಯಾವಾಗ?"

"ಸಂಕ್ರಾಂತಿ ಕಳೆದ್ಮೇಲೆ."

ಈಗ ಬೇಸಿಗೆ ಮುಗಿಯುತ್ತ ಬಂದಿತ್ತು.

ಹೋದ ವರ್ಷದ ಆಯುಧಪೂಜೆಯಲ್ಲಿ ಅಕ್ಕಸಾಲಿ ಅಣ್ಣ ಲಕ್ಷ್ಮಣ ಸುತ್ತಿಗೆ, ಊದುಗೊಳವೆ, ತಕ್ಕಡಿ ಸಾಲಾಗಿಟ್ಟು, "ನಿನ್ ಆಯುಧ ಎಲ್ಲಲಾ?" ಎಂದಿದ್ದ. ಮೈಸೂರಿನಲ್ಲಿ ಸಂಶೋಧನೆ ಮಾಡುವ ಯೋಗೇಶ ತನ್ನ ಪ್ರಯೋಗಾಲಯದ ಚೀಲದಿಂದ ಹಸಿರು ದ್ರಾವಣದ ಪುಟ್ಟ ಸೀಸೆ ತೆಗೆದಿಟ್ಟ. ಅತ್ತಿಗೆ ಅದಕ್ಕೂ ಕುಂಕುಮ ಹಚ್ಚಿದಳು.

ಅಂದು ಅವನು ಚೆನ್ನಾಗಿ ಮಾತಾಡಿದ್ದ. ಮೈಯೊಳಗೆ ಬೆಳಕು ಹಾಲಿಗೆ ಬಿದ್ದಂತೆ ಚದುರಿಹೋಗುತ್ತದೆ. ಈ ಬಣ್ಣ ರಕ್ತದೊಡನೆ ಹೋಗಿ ಗಡ್ಡೆಯಲ್ಲಿ ಕೂತರೆ, ಲೇಸರಿನ ಮಿಂಚನ್ನು ಕುಡಿಯುತ್ತದೆ, ತುಸುವೇ ಬಿಸಿಯಾಗಿ ಹಿಗ್ಗುತ್ತದೆ, ಹಿಗ್ಗಿದ್ದು ಸದ್ದಾಗುತ್ತದೆ. ಕಿವಿಗೆ ನಿಲುಕದ ಆ ಸದ್ದು ಬೆಳಕಿನಷ್ಟು ಚದುರುವುದಿಲ್ಲ. ಚರ್ಮದ ಮೇಲಿಂದಲೇ ಯಂತ್ರ ಅದನ್ನು ಆಲಿಸಿ ಚಿತ್ರ ಬರೆಯುತ್ತದೆ.

ಪ್ರಯೋಗಾಲಯದಲ್ಲಿ ಎರಡು ಬೆರಳು ದಪ್ಪದ ಮಾಂಸದ ಅಡಿಯಿಂದ ಆ ಸದ್ದು ಮೊದಲ ಸಲ ಪರದೆಯ ಮೇಲೆ ಚಿಮ್ಮಿದಾಗ ಅವನ ರೋಮ ನಿಮಿರಿತ್ತು. ಆ ಬೆರಗು ಇಂದಿಗೂ ತಗ್ಗಿರಲಿಲ್ಲ. ಹಂಚಿಕೊಳ್ಳಲು ಬೇರೆ ಯಾರೂ ಇರಲಿಲ್ಲ. "ಕುಯ್ದು ನೋಡುವ ಕಾಲ ಮುಗಿಯಿತು," ಎಂದು ಅಂದು ಅತ್ತಿಗೆಯ ಮುಂದೆ ಹೇಳಿಬಿಟ್ಟಿದ್ದ. ಆ ಮಾಂಸ ಮನುಷ್ಯರದಲ್ಲ, ಅಂಗಡಿಯಿಂದ ತಂದ ಕೋಳಿಯದು ಎಂದು ಮಾತ್ರ ಹೇಳಿರಲಿಲ್ಲ. ಹೊರಡುವಾಗ ಸೀಸೆ ಮರೆತಿದ್ದ.

ರಾಧಾಮಣಿ ಕೈತೊಳೆದು ದೇವರ ಗೂಡಿನಿಂದ ಅದನ್ನು ತಂದಳು.

"ದಿನಾ ದೀಪದ ಮುಂದೆ ಇಟ್ಟಿವ್ನಿ. ಈಗ ಇದ್ನ ಸೂಜೀಲಿ ಚುಚ್ಚಪ್ಪ, ನಿಮ್ಮಣ್ಣ ಸಂತೆಯಿಂದ ಬರೋದ್ರೊಳಗೆ."

"ಅಣ್ಣನಿಗೆ ಗೊತ್ತಾ?"

"ಸದ್ದು ಕೇಳಿಸ್ಕಂಡ್ಮೇಲೆ ಯೇಳನ ಬುಡು."

"ಅತ್ತಿಗೆ, ಆ ಡಾಕ್ಟರ ಹತ್ತಿರವೇ ಒಮ್ಮೆ..."

"ಅವ್ರು ಕುಯ್ತಾರೆ. ನೀನು ಕೇಳಿಸ್ಕತೀಯ."

"ಯಂತ್ರ ಮೈಸೂರಲ್ಲಿದೆ."

"ಅಂಗಾರೆ ನಾಳಿಕ್ಕೆ ನಿನ್ ಜೊತೇಲೇ ಬತ್ತೀನಿ."

ಈ ವಿಧಾನವನ್ನು ಮನುಷ್ಯರ ಮೇಲೆ ಇನ್ನೂ ಪರೀಕ್ಷಿಸಲಾಗಿಲ್ಲ. ವಾಕ್ಯ ಸಿದ್ಧವಾಗಿತ್ತು, ವರದಿಯಲ್ಲಿ ಬರೆದದ್ದೇ. ಬಾಯಿಗೆ ಬರಲಿಲ್ಲ. ಅವಳು ಅಷ್ಟು ನಂಬಿ ನೋಡುತ್ತಿದ್ದಳು. ಅವನ ವಿದ್ಯೆಯನ್ನು ಹಾಗೆ ನೋಡಿದವರು ಇನ್ನೊಬ್ಬರಿರಲಿಲ್ಲ.

ಅವಳು ಸೀಸೆಯನ್ನು ಕಿಟಕಿಗೆ ಹಿಡಿದಳು. ಕುಂಕುಮ ಒಣಗಿ ಅಂಟಿತ್ತು. ಒಳಗೆ ಹಸಿರು ಇರಲಿಲ್ಲ. ಬೆಳಕಿಗಿಟ್ಟರೆ ಈ ಬಣ್ಣ ಕೆಲವೇ ದಿನಗಳಲ್ಲಿ ಸಾಯುತ್ತದೆಂಬುದು ಅವನಿಗೆ ಗೊತ್ತಿತ್ತು.

"ನೋಡು, ಎಷ್ಟು ತಿಳಿಯಾಗದೆ. ದೇವ್ರ ಮುಂದಿದ್ದು ಒಳ್ಳೇದೇ ಆಗದೆ."

ಬಿಸಿಲು ಎಲ್ಲೂ ತಡೆಯದೆ ಸೀಸೆಯನ್ನು ದಾಟಿ ಅವಳ ಎದೆಯ ಸೆರಗಿನ ಮೇಲೆ ಬಿತ್ತು. ಯೋಗೇಶ ಕಿವಿಗೊಟ್ಟು ಕೂತ. ಒಲೆಯ ಮೇಲೆ ಸಾರು ಕುದಿಯುವುದಷ್ಟೇ ಕೇಳಿಸುತ್ತಿತ್ತು.