ಮಧುರೈವರೆಗಿನ ಅರವತ್ತು ಕಿಲೋಮೀಟರ್

ಬಿದಿರಿನ ಮಂಟಪವನ್ನು ನಾಲ್ಕು ಜನ ಲಾರಿಯ ಹಿಂಬದಿಗೆ ಎತ್ತುತ್ತಿದ್ದರು. ಒಳಗೆ ಹಾಲಸ್ವಾಮಿ ಹಣೆತುಂಬ ವಿಭೂತಿ ಬಳಿಸಿಕೊಂಡು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ಕೂತಿದ್ದ. ಮಂಟಪ ಅರ್ಧ ಮೇಲೇರುವಷ್ಟರಲ್ಲಿ ಹೆಂಡತಿ ಸುಭದ್ರಮ್ಮ ಬಂದು ಲಾರಿಗೆ ಅಡ್ಡ ನಿಂತಳು.

"ಇಳಿಸಿ. ಲಾರಿ ಬೇಡ."

"ಅತ್ತೆ, ರುದ್ರಭೂಮಿ ನಾಲ್ಕು ಕಿಲೋಮೀಟರ್ ಇದೆ. ಬಿಸಿಲು ಬೇರೆ," ಅಂದ ಅಳಿಯ ಜ್ಞಾನೇಶ್.

"ಹೊತ್ಕೊಂಡು ಹೋಗಿ. ಆಗದಿದ್ರೆ ಇಲ್ಲೇ ಇರ್ಲಿ."

"ಲಾರಿ ಹಾಲಸ್ವಾಮಿಗೆ ಲಾರಿನೇ ಬೇಡ್ವಂತೆ," ಎಂದು ಗುಂಪಿನಲ್ಲಿ ಯಾರೋ ಗೊಣಗಿದರು. ಇಬ್ಬರು ನಕ್ಕು, ಸಾವಿನ ಮನೆ ಅಂತ ನೆನಪಾಗಿ ಕೆಮ್ಮಿದರು. ಮಲವಗೊಪ್ಪದಲ್ಲಿ ಆ ಹೆಸರು ಹೇಳಿ ನಗದವರು ಯಾರಿದ್ದಾರೆ? ಕಾಂಪೌಂಡಿಗೆ ಒರಗಿ ನಿಂತಿದ್ದ ಪೀರ್ ಬಾಷಾ ಒಬ್ಬನೇ ನೆಲ ನೋಡಿದ. ಭದ್ರಾವತಿಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಅವನು ಹಾಲಸ್ವಾಮಿಯ ಹಳೇ ಗೆಳೆಯ.

ಸುಭದ್ರಮ್ಮ ಅಳುತ್ತಿರಲಿಲ್ಲ. "ನಿನ್ನೆ ವರ್ಕ್‌ಶಾಪಲ್ಲಿ ಎದೆ ಹಿಡ್ಕೊಂಡಾಗ ಜೀಪ್ ತಂದು ನಿಲ್ಸಿದ್ರಂತೆ. ಹತ್ತಿದ್ರಾ ಕೇಳಿ ರಾಮಚಂದ್ರಪ್ಪನ್ನ."

ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಹಾಲಸ್ವಾಮಿಯ ಪಕ್ಕದ ಲೇತ್ ನಡೆಸುವ ರಾಮಚಂದ್ರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ಕೈ ಹಿಡಿದು ಎಳೆದೆ. ಸೈಕಲ್ ಇದೆಯಲ್ಲ, ತುಳ್ಕೊಂಡು ಆಸ್ಪತ್ರೆಗೆ ಹೋಗ್ತೀನಿ ಅಂದ. ದಾರೀಲಿ ನಿದಿಗೆ ಊರೂ ದಾಟಲಿಲ್ಲ."

"ಹನ್ನೊಂದು ವರ್ಷದಿಂದ ಒಂದು ಬಸ್ಸು ಹತ್ತಿಲ್ಲ ಅವ್ರು. ಮಗಳ ಮದುವೆಗೆ ಶಿವಮೊಗ್ಗದ ಛತ್ರಕ್ಕೂ ಸೈಕಲ್ಲಲ್ಲೇ ಬಂದ್ರು, ರೇಷ್ಮೆ ಪಂಚೆ ಚೈನಿಗೆ ಸಿಕ್ಕಿಸ್ಕೊಂಡು. ಈಗ ಬಾಯಿಲ್ಲ ಅಂತ ಎತ್ತಿ ಹಾಕ್ತೀರಾ?"

ಇದೆಲ್ಲ ಆ ಅಡ್ಡಹೆಸರಿನಿಂದ ಎಂದು ಬಾಷಾನಿಗೆ ಗೊತ್ತಿರಲಿಲ್ಲ. ಹಾಲಸ್ವಾಮಿ ಸೈಕಲ್ ತುಳಿಯುವುದು ಹಳೇ ಹುಚ್ಚಿನಿಂದ ಅಂತಲೇ ಅವನು ತಿಳಿದಿದ್ದ.

*

ಅದು ತೊಂಬತ್ತೇಳರ ಜನವರಿ. ವರ್ಕ್‌ಶಾಪಿನ ವೆಲ್ಡರ್ ಓಬಯ್ಯನ ಮಗಳು ಸೀತಾಲಕ್ಷ್ಮಿಗೆ ಆರು ವರ್ಷ, ಹೃದಯದಲ್ಲಿ ತೂತು. ಆಪರೇಷನ್ನಿಗೆ ದುಡ್ಡು ಎತ್ತಬೇಕಿತ್ತು. ಸುಮ್ಮನೆ ಕೇಳಿದರೆ ಯಾರು ಕೊಡುತ್ತಾರೆ? ಕನ್ಯಾಕುಮಾರಿಗೆ ಸೈಕಲ್ ಹೊಡೆಯೋಣ ಎಂದವನು ಹಾಲಸ್ವಾಮಿ. ಹೂಂ ಎಂದವನು ಬಾಷಾ. ಅಡಿಕೆ ಮಂಡಿಯ ಚಂದ್ರಶೇಖರಪ್ಪನವರು ಕಿಲೋಮೀಟರಿಗೆ ಹತ್ತು ರೂಪಾಯಿ ಒಪ್ಪಿಕೊಂಡರು. ಒಂದೇ ಷರತ್ತು: ಒಂದಡಿ ಬಿಡದೆ ತುಳಿದೇ ಹೋಗಬೇಕು. ಅವರನ್ನು ನೋಡಿ ಉಳಿದವರೂ ಕೈ ಎತ್ತಿದರು. ಎರಡೂ ಸೈಕಲ್ಲಿಗೆ "ಭದ್ರಾವತಿ–ಕನ್ಯಾಕುಮಾರಿ, ಒಂದು ಮಗುವಿನ ಹೃದಯಕ್ಕಾಗಿ" ಎಂಬ ತಗಡಿನ ಬೋರ್ಡು ಕಟ್ಟಿಕೊಂಡು ಇಬ್ಬರೂ ಹೊರಟರು.

ದಿಂಡಿಗಲ್‌ನಲ್ಲಿ ತಿಂದ ಪರೋಟ ಬಾಷಾನಿಗೆ ತಿರುಗಿಬಿತ್ತು. ವಾಂತಿ ಭೇದಿ ಸೇರಿ, ಸೀಟಿನ ಮೇಲೆ ಕೂರುವುದಿರಲಿ, ನೆಲದ ಮೇಲೆ ಕೂರಲೂ ಆಗಲಿಲ್ಲ. ಹಾಲಸ್ವಾಮಿ ಮಧುರೈ ಕಡೆಯ ಲಾರಿಗೆ ಕೈ ಅಡ್ಡ ಹಾಕಿ ಅವನನ್ನೂ ಅವನ ಸೈಕಲ್ಲನ್ನೂ ಮೇಲಕ್ಕೆ ಹಾಕಿದ.

"ಬಸ್‌ಸ್ಟ್ಯಾಂಡಲ್ಲಿ ಮಲ್ಗಿರು ಮಾರಾಯ. ನಾನು ತುಳ್ಕೊಂಡು ಬರ್ತೀನಿ."

ಸಂಜೆ ಐದಕ್ಕೆ ಬಂದ. ಅರವತ್ತು ಕಿಲೋಮೀಟರ್ ಎದುರುಗಾಳಿ. ಹ್ಯಾಂಡಲ್ಲಿಗೆ ಬಾಷಾನಿಗೆಂದು ಎರಡು ಎಳನೀರು ತೂಗಿಸಿಕೊಂಡಿದ್ದ.

ವಾಪಸ್ಸು ಬಂದಾಗ ಭದ್ರಾವತಿಯಲ್ಲಿ ಸನ್ಮಾನ ನಡೆಯಿತು. ಭಾಷಣದ ನಡುವೆ ಲಾರಿ ಡ್ರೈವರ್ ಒಬ್ಬ ಎದ್ದು, ಯಾವ ದ್ವೇಷವೂ ಇಲ್ಲದೆ, "ದಿಂಡಿಗಲ್ ಹತ್ರ ಈ ಬೋರ್ಡಿನ ಸೈಕಲ್ ಒಂದು ಲಾರಿ ಮೇಲೆ ಹೋಗ್ತಿತ್ತು ಸಾರ್!" ಎಂದುಬಿಟ್ಟ. ಚಂದ್ರಶೇಖರಪ್ಪ ನಗುತ್ತ ಈ ಕಡೆ ತಿರುಗಿದರು. "ಯಾರಪ್ಪಾ ಆ ಮಹಾರಾಯ?"

ಬಾಷಾನ ಅಂಗಡಿಗೆ ಆಗ ಮೂರು ತಿಂಗಳು. ಲಾರಿ ಹತ್ತಿದ ಸೈಕಲ್ ಅಂಗಡಿಯವನ ಹತ್ತಿರ ಯಾರು ಸೈಕಲ್ ಕೊಳ್ಳುತ್ತಾರೆ? ಅವನು ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಹಾಲಸ್ವಾಮಿ ಮುಂದೆ ಬಂದ.

"ನಾನೇ. ಹೊಟ್ಟೆ ಕೆಟ್ಟಿತ್ತು."

ಸಭೆಗೆ ಸಭೆಯೇ ನಕ್ಕಿತು. ಚಂದ್ರಶೇಖರಪ್ಪ ವ್ಯಾಪಾರಿಯಲ್ಲವೇ, ಅರವತ್ತು ಕಿಲೋಮೀಟರ್ ಮುರಿದುಕೊಂಡು ಉಳಿದದ್ದು ಕೊಟ್ಟರು. ಮಗುವಿನ ಆಪರೇಷನ್ ಆಯಿತು. ಹಾಲಸ್ವಾಮಿ ವೇದಿಕೆಯ ಮೆಟ್ಟಿಲಿಳಿಯುವ ಮೊದಲೇ 'ಲಾರಿ ಹಾಲಸ್ವಾಮಿ' ಹುಟ್ಟಿದ್ದ.

"ನಾಳೆ ನಿಜ ಹೇಳಿಬಿಡ್ತೀನಿ," ಅಂದಿದ್ದ ಬಾಷಾ.

"ಬಿಡು ಮಾರಾಯ. ಜನ ಎರಡು ದಿನ ನಗ್ತಾರೆ, ಮರೀತಾರೆ."

ಜನ ಮರೆಯಲಿಲ್ಲ. ಹಾಲಸ್ವಾಮಿ ಬೀದಿಯಲ್ಲಿ ಹೋದರೆ ಹುಡುಗರು ಬಾಯಲ್ಲೇ ಹಾರನ್ ಹೊಡೆಯುತ್ತಿದ್ದರು. ಬಾಷಾನ ಅಂಗಡಿಗೂ ಆ ತಮಾಷೆ ಬರುತ್ತಿತ್ತು. ಅವನು ತಲೆ ಬಗ್ಗಿಸಿ ಪಂಕ್ಚರ್ ಹಾಕುತ್ತಿದ್ದ. ಅಂಗಡಿ ಚೆನ್ನಾಗಿ ನಡೆಯಿತು.

*

"ಅಕ್ಕಾ." ಬಾಷಾ ಗುಂಪು ಸೀಳಿಕೊಂಡು ಮುಂದೆ ಬಂದ. "ಆ ದಿನ ಲಾರಿ ಹತ್ತಿದ್ದು ನಾನು. ಅವನು ತುಳ್ದೇ ಬಂದ. ಪೂರ್ತಿ."

ಗುಂಪಿನಲ್ಲಿದ್ದ ಓಬಯ್ಯ ಮೆಲ್ಲಗೆ ಅಂದ, "ಅವತ್ತೇ ಹೇಳಿದ್ರೆ ಏನಾಗ್ತಿತ್ತೋ? ನಿನ್ ನೋಡಿ ನಗ್ತಿದ್ವಿ. ಮಾರನೇ ದಿನ ಪಂಕ್ಚರ್ರಿಗೆ ನಿನ್ ಹತ್ರಾನೇ ಬರ್ತಿದ್ವಿ."

ಅದು ನಿಜವಾಗಿತ್ತು. ಯಾರಾದರೂ ಕೊರಳಪಟ್ಟಿ ಹಿಡಿದು ಹೊಡೆದಿದ್ದರೂ ಬಾಷಾನಿಗೆ ಅಷ್ಟು ನೋಯುತ್ತಿರಲಿಲ್ಲ.

ಸುಭದ್ರಮ್ಮ ಅವನನ್ನೇ ನೋಡಿದಳು. "ನನಗಾದ್ರೂ ಹೇಳ್ಬಾರ್ದಿತ್ತಾ ಬಾಷಾ? ಜಗಳ ಆದಾಗೆಲ್ಲ ನಾನೂ ಅಂದಿದ್ದೀನಿ, ಅರ್ಧ ದಾರೀಲಿ ಲಾರಿ ಹತ್ತೋ ಗಂಡಸು ಅಂತ. ತಟ್ಟೆ ನೋಡ್ಕೊಂಡು ಊಟ ಮಾಡ್ತಿದ್ರು." ಆಮೇಲೆ ಅವಳಿಗೆ ಅಳು ಬಂತು. ಗಂಡ ಸತ್ತ ಹೊತ್ತಿನಿಂದ ಅದೇ ಮೊದಲು.

ಲಾರಿಯನ್ನು ವಾಪಸ್ಸು ಕಳಿಸಿದರು. ಮುಂದಿನ ಬಿದಿರಿಗೆ ಬಾಷಾ ಹೆಗಲು ಕೊಟ್ಟ. ಅರ್ಧ ದಾರಿ ಕಳೆದ ಮೇಲೆ ಜ್ಞಾನೇಶ್, "ಬದಲಾಯಿಸ್ಕೊಳ್ಳಿ ಚಿಕ್ಕಪ್ಪ," ಅಂದ. ಬಾಷಾ ಬದಲಾಯಿಸಿಕೊಳ್ಳಲಿಲ್ಲ.

ತಿರುವಿನಲ್ಲಿ ಸ್ಕೂಟರಿನವನೊಬ್ಬ ದಾರಿ ಬಿಟ್ಟು ನಿಂತ. "ಯಾರು ಹೋಗಿದ್ದು?"

"ಹಾಲಸ್ವಾಮಿ," ಅಂದ ಬಾಷಾ.

"ಯಾವ ಹಾಲಸ್ವಾಮಿ?"

ಈ ಸೀಮೆಯಲ್ಲಿ ಹಾಲಸ್ವಾಮಿ ಎಂದು ಕೂಗಿದರೆ ಬೀದಿಗೆ ನಾಲ್ಕು ಜನ ತಿರುಗಿ ನೋಡುತ್ತಾರೆ.

"ಮಾಚೇನಹಳ್ಳೀಲಿ ಟರ್ನರ್ ಆಗಿದ್ದೋರು."

ಸ್ಕೂಟರಿನವನಿಗೆ ಹೊಳೆಯಲಿಲ್ಲ.

"ಒಂದು ಮಗೂಗೋಸ್ಕರ ಕನ್ಯಾಕುಮಾರಿಗೆ ಸೈಕಲ್ ಹೊಡೆದೋರು. ಒಂದಡಿ ಬಿಡದೆ."

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ಆಮೇಲೆ ಮುಖ ಅರಳಿತು. "ಓ, ಲಾರಿ ಹಾಲಸ್ವಾಮಿನಾ! ಅಯ್ಯೋ ಪಾಪ, ಒಳ್ಳೇ ಮನುಷ್ಯ." ಚಪ್ಪಲಿ ಬಿಟ್ಟು ಕೈ ಮುಗಿದ.

ಬಾಷಾ ಅಲ್ಲ ಎನ್ನಲು ಬಾಯಿ ತೆರೆದು ನಿಂತ. ಹಿಂದಿನ ಬಿದಿರು ಹೊತ್ತವರಿಗೆ ಅವನು ನಿಂತದ್ದು ತಿಳಿಯಲಿಲ್ಲ. ಮಂಟಪ ಮುಂದಕ್ಕೆ ನುಗ್ಗಿ ಅವನನ್ನೂ ತಳ್ಳಿಕೊಂಡು ನಡೆಯಿತು.