ಬಲಗಡೆಯ ಜೇಬು

ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪನಿಗೆ ಉಳಿದದ್ದು ಒಂದೇ ಒಂದು ಮಾತು: "ಅಲ್ಲ." ಕಾಫಿ ಬೇಕಾ ಎಂದರೆ "ಅಲ್ಲ" ಎಂದು ಹೇಳಿ ಲೋಟ ಖಾಲಿ ಮಾಡುತ್ತಾನೆ. ಫ್ಯಾನು ಹಾಕಲಾ ಎಂದರೂ ಅಲ್ಲ, ಆರಿಸಲಾ ಎಂದರೂ ಅಲ್ಲ. ಕೆಲಸದಲ್ಲಿದ್ದಷ್ಟು ಕಾಲ ಗಣಿತ ಹೇಳಿಕೊಟ್ಟು, ಮಕ್ಕಳ ಲೆಕ್ಕಕ್ಕೆಲ್ಲ "ಅಲ್ಲ, ಅಲ್ಲ" ಎಂದು ಗೀಟು ಹೊಡೆದವನಿಗೆ ಕೊನೆಗೆ ಅದೇ ನಾಲಿಗೆಗೆ ಅಂಟಿಕೊಂಡಿತು ಎಂದು ನಾನು ತಮಾಷೆ ಮಾಡುತ್ತಿದ್ದೆ. ಅದಕ್ಕೂ ಅವನ ಉತ್ತರ ಅದೇ.

ಅಪ್ಪ ಪಾಠ ಮಾಡಿದ ವಿಶ್ವವಿದ್ಯಾಲಯದಲ್ಲೇ, ಅಲ್ಲಿನ ದಾಖಲೆ ವಿಭಾಗದಲ್ಲಿ, ನನಗೆ ಕೆಲಸ. ಕ್ಯಾಂಪಸ್ಸಿನ ಹಳೆಯ ಕಟ್ಟಡಗಳ ಮತ್ತು ಹಳೆಯ ಫೋಟೋಗಳ ಪೂರ್ವಾಪರ ಹುಡುಕಿ ಪಟ್ಟಿ ಮಾಡಬೇಕು. ಇದು ಯಾವ ಕಟ್ಟಡ, ಯಾವ ವರ್ಷ, ಮುಂದೆ ನಿಂತವರು ಯಾರು, ಯಾರ ತಲೆ ಯಾರ ಟೋಪಿಯ ಹಿಂದೆ ಮರೆಯಾಗಿದೆ ಎಂದು ಇಡೀ ದಿನ ಭೂತಗನ್ನಡಿ ಹಿಡಿದು ಸತ್ತವರ ಮುಖ ನೋಡುವ ಕೆಲಸ. ಬದುಕಿರುವವರ ತಂಟೆಗಿಂತ ಇದೇ ವಾಸಿ ಎಂದುಕೊಂಡಿದ್ದೆ.

ಕ್ಯಾಂಪಸ್ಸಿನ ನಡುವೆ ಅಕ್ಕಪಕ್ಕದಲ್ಲಿ ಎರಡು ಕಲ್ಲಿನ ಕಟ್ಟಡಗಳಿದ್ದವು. ಒಂದೇ ಎತ್ತರ, ಒಂದೇ ತರದ ಕಮಾನು, ಅವೇ ಕಿಟಕಿಗಳು. ಎಡಗಡೆಯದಕ್ಕೆ ಮೆಟ್ಟಿಲಿನ ಗೋಪುರ ಎಡತುದಿಯಲ್ಲಿ, ಬಲಗಡೆಯದಕ್ಕೆ ಬಲತುದಿಯಲ್ಲಿ, ವ್ಯತ್ಯಾಸ ಅಷ್ಟೇ. ಮೊದಲು ಒಂದನ್ನು ಕಟ್ಟಿ, ಎಷ್ಟೋ ವರ್ಷದ ಮೇಲೆ ಅದರದೇ ನಕ್ಷೆಯನ್ನು ಎಡಬಲ ತಿರುಗಿಸಿ ಇನ್ನೊಂದನ್ನು ಕಟ್ಟಿದ್ದರು. ಹಾಗಾಗಿ ಎಲ್ಲರ ಬಾಯಲ್ಲೂ ಅವು ಅಕ್ಕ, ತಂಗಿ. ಆದರೆ ಅಕ್ಕ ಯಾವುದು, ತಂಗಿ ಯಾವುದು ಎಂದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಕಟ್ಟಿದಾಗಿನ ಕಾಗದಪತ್ರಗಳು ಗೆದ್ದಲಿನ ಹೊಟ್ಟೆ ಸೇರಿದ್ದವು. ತಾವು ಕೂರುವ ಕಟ್ಟಡವೇ ಅಕ್ಕ ಎಂದು ಪ್ರೊಫೆಸರುಗಳು ಕಾಫಿ ಕುಡಿಯುತ್ತ ಕಿತ್ತಾಡುತ್ತಿದ್ದರು.

ಹೊಸ ಪ್ರಯೋಗಾಲಯಕ್ಕೆ ಜಾಗ ಬೇಕೆಂದಾಗ ಈ ಕಿತ್ತಾಟ ತಮಾಷೆಯಾಗಿ ಉಳಿಯಲಿಲ್ಲ. ಹಳೆಯದನ್ನು ಉಳಿಸಿ ಇನ್ನೊಂದನ್ನು ಕೆಡವುವುದು ಎಂದು ತೀರ್ಮಾನವಾಯಿತು. ಹಳೆಯದು ಯಾವುದೆಂದು ಹೇಳುವ ಭಾರ ನಮ್ಮ ವಿಭಾಗದ ಮೇಲೆ, ಅಂದರೆ ನನ್ನ ಮತ್ತು ನಮ್ಮ ಮುಖ್ಯಸ್ಥೆ ದೊಡ್ಡ ಮೇಡಂ ಮೇಲೆ ಬಿತ್ತು.

ನಮ್ಮಲ್ಲಿದ್ದ ಆಧಾರ ಒಂದೇ ಫೋಟೋ. ಮೊದಲ ಕಟ್ಟಡದ ಉದ್ಘಾಟನೆಯ ದಿನ ತೆಗೆದದ್ದು. ಹಿಂದೆ ಒಂಟಿ ಕಟ್ಟಡ, ಮುಂದೆ ಕೋಟು ತೊಟ್ಟ ಗಂಡಸರ ಸಾಲು. ಗೋಪುರ ಬಲತುದಿಯಲ್ಲಿತ್ತು. ಇನ್ನೇನು ಬೇಕು? ಬಲಗಡೆಯದೇ ಅಕ್ಕ ಎಂದು ಬರೆದೆ, ಮೇಡಂ ಸಹಿ ಹಾಕಿದರು, ಎಡಗಡೆಯದನ್ನು ಕೆಡವಲು ಆದೇಶವಾಯಿತು. ಅಪ್ಪ ಪಾಠ ಮಾಡಿದ್ದು ಎಡಗಡೆಯದರಲ್ಲಿ. ಅವತ್ತು ಸಂಜೆ ಅವನಿಗೆ ಸುದ್ದಿ ಹೇಳಿದೆ.

"ನಿನ್ನ ಕಟ್ಟಡ ತಂಗಿಯಂತೆ ಕಣಪ್ಪ. ಕೆಡವ್ತಾರೆ."

"ಅಲ್ಲ."

"ಅಲ್ಲ ಅಂದ್ರೆ ಆಗತ್ತಾ? ಫೋಟೋನೇ ಇದೆ."

"ಅಲ್ಲ."

ನಾನು ನಕ್ಕು ಅವನ ಬಾಯಿ ಒರೆಸಿದೆ.

ಅಪ್ಪನಿಗೆ ಬೆಳಿಗ್ಗೆ ಅಂಗಿ ತೊಡಿಸುವವಳು ನಾನೇ. ಗುಂಡಿ ಹಾಕಿದ ಮೇಲೆ ಜೇಬಿಗೆ ಪೆನ್ನು ಸಿಕ್ಕಿಸಬೇಕು. ಬರೆಯುವ ಕೈ ಬಿದ್ದುಹೋಗಿದ್ದರೂ ಪೆನ್ನಿಲ್ಲದೆ ಅವನು ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಎಡಗಡೆಯ ಕಟ್ಟಡದ ಸುತ್ತ ತಗಡಿನ ಬೇಲಿ ಎದ್ದ ಮರುದಿನ, ಹಾಗೇ ಪೆನ್ನು ಸಿಕ್ಕಿಸಿ ಆಫೀಸಿಗೆ ಬಂದರೆ, ಆ ಉದ್ಘಾಟನೆಯ ಫೋಟೋ ಆಳೆತ್ತರಕ್ಕೆ ದೊಡ್ಡದಾಗಿ ಅಚ್ಚಾಗಿ ಬಂದು ಗೋಡೆಗೆ ಒರಗಿತ್ತು. ಉಳಿಯಲಿರುವ ಅಕ್ಕನ ಬಾಗಿಲಲ್ಲಿ ತೂಗುಹಾಕುವುದಕ್ಕೆ.

ಅಂಗುಷ್ಠದಷ್ಟಿದ್ದ ಗಂಡಸರು ಈಗ ನನ್ನಷ್ಟೇ ಎತ್ತರ. ನಡುವೆ ನಿಂತವನ ಕೋಟಿನ ಜೇಬಿನಿಂದ ಮಡಿಸಿದ ಕರವಸ್ತ್ರ ಇಣುಕುತ್ತಿತ್ತು. ಆ ಜೇಬು ಅವನ ಎದೆಯ ಬಲಗಡೆ ಇತ್ತು. ಪಕ್ಕದವನದೂ ಬಲಗಡೆ. ಒಬ್ಬರಲ್ಲ, ಇಬ್ಬರಲ್ಲ, ಸಾಲಿನಲ್ಲಿದ್ದ ಎಲ್ಲರ ಜೇಬೂ ಬಲಗಡೆ. ಗಂಡಸರ ಜೇಬು ಯಾವ ಕಡೆ ಇರುತ್ತದೆಂದು ತಿಳಿಯಲು ಭೂತಗನ್ನಡಿ ಬೇಕಿರಲಿಲ್ಲ. ಈಗಷ್ಟೇ ಅಪ್ಪನ ಎಡಗಡೆ ಪೆನ್ನು ಸಿಕ್ಕಿಸಿ ಬಂದಿದ್ದೆ.

ಆಗಿನ ಕಾಲದ ನೆಗೆಟಿವ್ ಎಂದರೆ ಗಾಜಿನ ಹಲಗೆ. ಅದರ ಒಂದು ಮೈ ಮಂಕು, ಇನ್ನೊಂದು ಹೊಳಪು. ಮಂಕು ಮೈಯನ್ನು ಕಾಗದಕ್ಕೆ ತಾಗಿಸಿ ಅಚ್ಚು ತೆಗೆಯಬೇಕು. ಹೊಳಪಿನ ಮೈ ತಾಗಿಸಿದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮ ಹಾಗೆ ಮಾಡಿಟ್ಟಿದ್ದ. ಅಂದರೆ ಗೋಪುರ ನಿಜಕ್ಕೂ ಇದ್ದದ್ದು ಎಡತುದಿಯಲ್ಲಿ. ಅಂದರೆ ಬೇಲಿ ಹಾಕಿರುವುದು ಅಕ್ಕನ ಸುತ್ತ.

ಮೇಡಂ ಅವರನ್ನು ಕೈಹಿಡಿದು ಎಳೆದುಕೊಂಡು ಬಂದೆ. ಅವರು ಕೆಟ್ಟವರಲ್ಲ; ನನಗೆ ಈ ಕೆಲಸ ಕಲಿಸಿದವರೇ ಅವರು. ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದೊಂದೇನಾ ಇರೋದು?"

"ಇದೊಂದು ಸಾಲದಾ ಮೇಡಂ? ಎಲ್ಲರ ಜೇಬೂ ಉಲ್ಟಾ ಇದೆ."

"ಬರೆದಾಗಿರೋದನ್ನ ತಿದ್ದೋಕೆ ಎರಡು ಆಧಾರ ಬೇಕು. ನಮ್ಮ ಪದ್ಧತಿ ನಿನಗೇನು ಹೊಸದಾ? ಆಗಿನ ಕಾಲದ ದರ್ಜಿ ಹಾಗೇ ಹೊಲೀತಿದ್ದ ಅಂತ ಯಾರಾದ್ರೂ ಅಂದ್ರೆ ಏನು ಹೇಳ್ತೀಯ? ಗಾಜು ಹುಡುಕಿ ತಗೊಂಡು ಬಾ, ನಿಂತ ಕಾಲಲ್ಲೇ ಸಹಿ ಹಾಕ್ತೀನಿ."

"ಬರೆಯೋವಾಗ ಒಂದೇ ಸಾಕಾಗಿತ್ತಲ್ಲ ಮೇಡಂ?"

"ಬರೆಯೋಕೆ ಒಂದು, ತಿದ್ದೋಕೆ ಎರಡು," ಎಂದರು. ಹಾಗಿಲ್ಲದಿದ್ದರೆ ಬಂದವರೆಲ್ಲ ತಮಗೆ ಬೇಕಾದಂತೆ ತಿದ್ದಿಕೊಂಡು ಹೋಗುತ್ತಾರೆ ಎಂದು ಮೊದಲ ದಿನವೇ ಕಲಿಸಿದ್ದರು. ನಾನೂ ಎಷ್ಟೋ ಜನರಿಗೆ ಅದನ್ನೇ ಹೇಳಿ, ಮುಖಕ್ಕೆ ಹೊಡೆದ ಹಾಗೆ ವಾಪಸು ಕಳಿಸಿದ್ದೆ.

ಕಟ್ಟಡಗಳ ಎಂಜಿನಿಯರಿಗೆ ಫೋನು ಮಾಡಿದೆ. ಏನು ಕೇಳಿದರೂ ನಾಳೆ, ನಾಳೆ ಎನ್ನುತ್ತಿದ್ದ ಅವರಿಗೆ ಕ್ಯಾಂಪಸ್ಸಿನಲ್ಲಿ ನಾಳೆ ಸಾಹೇಬರು ಎಂದೇ ಹೆಸರು.

"ಸಾರ್, ಕೆಡವೋದು ಯಾವಾಗ?"

"ಅಯ್ಯೋ, ಅದಿನ್ನೂ ಎಲ್ಲಿ ಬಂತು! ಈಗ ಬರೀ ಬಾಗಿಲು ಕಿಟಕಿ ಬಿಚ್ತಿದ್ದಾರೆ. ಮುಂದಿನ ವಾರ ನೋಡೋಣ."

ಅವರ ಸೋಮಾರಿತನಕ್ಕೆ ಜೀವನದಲ್ಲಿ ಮೊದಲ ಸಲ ಮನಸ್ಸಿನಲ್ಲೇ ಕೈಮುಗಿದೆ.

ನಮ್ಮ ನೆಲಮಾಳಿಗೆಯಲ್ಲಿ ಇನ್ನೂ ಪಟ್ಟಿಗೆ ಸೇರದ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ಒಂದೊಂದೇ ಗಾಜನ್ನು ಸುತ್ತಿದ ಕಾಗದದಿಂದ ಬಿಡಿಸಿ, ದೀಪಕ್ಕೆ ಹಿಡಿದು ನೋಡಿ, ಮತ್ತೆ ಸುತ್ತಿಡಬೇಕು. ಆತುರಪಟ್ಟರೆ ಒಡೆದು ಹೋಗುತ್ತದೆ. ಎಲ್ಲೆಲ್ಲೂ ಕ್ರಿಕೆಟ್ ತಂಡಗಳು, ಪದವಿ ಪಡೆದವರು, ಯಾರೋ ಕುಲಪತಿಯ ನಾಯಿ. ಆ ನಾಯಿಯದೇ ನಾಲ್ಕಾರು ಗಾಜು ಸಿಕ್ಕಾಗ ಹೊಟ್ಟೆ ಉರಿದುಹೋಯಿತು. ಕತ್ತು ಹಿಡಿದುಕೊಂಡಾಗ ಮೇಲೆ ಬಂದು ಕಿಟಕಿಯಿಂದ ನೋಡುತ್ತಿದ್ದೆ. ತಗಡಿನ ಬೇಲಿಯ ಮೇಲೆ ಕಟ್ಟಡದ ಮುಖ ಹಾಗೇ ಇತ್ತು, ಗೋಪುರವೂ ಹಾಗೇ ಇತ್ತು. ಹಿಂದಿನಿಂದ ಧೂಳು ಏಳುತ್ತಿತ್ತು, ದಡಬಡ ಸದ್ದು ಬರುತ್ತಿತ್ತು. ಬಾಗಿಲು ಬಿಚ್ಚುತ್ತಿದ್ದಾರೆ ಎಂದುಕೊಂಡೆ. "ಇರು ಅಕ್ಕಾ, ಬಂದೆ," ಎಂದು ಹೇಳಿ ಮತ್ತೆ ಕೆಳಗಿಳಿಯುತ್ತಿದ್ದೆ.

ವಾರದ ಕೊನೆಯ ದಿನ ಮಧ್ಯಾಹ್ನ ಉದ್ಘಾಟನೆಯ ಗಾಜು ಸಿಕ್ಕಿತು. ಮಂಕು ಮೈಯನ್ನು ಆಚೆ ಮಾಡಿ ದೀಪಕ್ಕೆ ಹಿಡಿದೆ. ಗೋಪುರ ಎಡತುದಿಯಲ್ಲಿ, ಎಲ್ಲರ ಕರವಸ್ತ್ರ ಎಡಗಡೆಯ ಜೇಬಿನಲ್ಲಿ. ನೆಲದ ಮೇಲೆ ಕುಕ್ಕರಿಸಿ ಅತ್ತುಬಿಟ್ಟೆ. ಮೇಡಂ ಹೇಳಿದ ಮಾತಿಗೆ ತಪ್ಪಲಿಲ್ಲ. ನಿಂತ ಕಾಲಲ್ಲೇ ಸಹಿ ಹಾಕಿ, ತಾವೇ ನನ್ನ ಜೊತೆ ಕುಲಸಚಿವರ ಬಳಿ ಬಂದು, "ತಪ್ಪು ನಮ್ಮದು ಸಾರ್, ದಯವಿಟ್ಟು ನಿಲ್ಲಿಸಿ," ಎಂದು ಬೇಡಿಕೊಂಡರು. ಕುಲಸಚಿವರು ಗೊಣಗಿದರೂ ಕೆಲಸ ನಿಲ್ಲಿಸಲು ಆದೇಶ ಬರೆದುಕೊಟ್ಟರು. ಅದನ್ನು ಹಿಡಿದು ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಬೇಲಿಯ ಬಾಗಿಲಲ್ಲಿ ಕೆಡವುವವರ ಮೇಸ್ತ್ರಿ ನಿಂತಿದ್ದ. ಕಾಗದ ಓದಿ ನನ್ನ ಮುಖ ನೋಡಿದ.

"ನಿಲ್ಲಿಸ್ತೀವಮ್ಮ, ನಮಗೇನು. ಆದ್ರೆ ಒಂದ್ಸಲ ಹಿಂದೆ ಬಂದು ನೋಡಿ."

ಹಿಂದೆ ಏನೂ ಇರಲಿಲ್ಲ. ಸೂರಿಲ್ಲ, ತರಗತಿಗಳಿಲ್ಲ, ಮೆಟ್ಟಿಲಿಲ್ಲ. ಕಲ್ಲುಮಣ್ಣಿನ ಗುಡ್ಡೆ, ಅದರಾಚೆ ಮುಂದಿನ ಗೋಡೆಯೊಂದು, ಗೋಪುರದ ಮುಂಭಾಗದ ಸಿಪ್ಪೆಯೊಂದು. ನಾನು ದಿನಾ ಕಿಟಕಿಯಿಂದ ಮಾತಾಡಿಸುತ್ತಿದ್ದದ್ದು ಆ ಗೋಡೆಯನ್ನು. ಗುಡ್ಡೆಯ ಮೇಲೆ ಕರಿಹಲಗೆಯ ಒಂದು ತುಂಡು ಬಿದ್ದಿತ್ತು.

"ಮುಂದಿನಿಂದ ಶುರು ಮಾಡಿದ್ರೆ ಓಡಾಡೋ ಮಕ್ಕಳ ಮೇಲೆ ಬೀಳತ್ತೆ," ಎಂದ ಮೇಸ್ತ್ರಿ. "ಯಾವಾಗ್ಲೂ ಹಿಂದಿನಿಂದಾನೇ ತೆಗೆಯೋದು."

ಎಂಜಿನಿಯರು ಬಂದರು. ನಾನು ಆದೇಶ ತೋರಿಸಿದೆ, ಗಾಜು ತೋರಿಸಿದೆ, ಗೋಡೆಯನ್ನಾದರೂ ಉಳಿಸಿ ಎಂದೆ. ನಾಳೆ ಬಂದು ನೋಡಿದರಾಯಿತು ಎಂದುಕೊಂಡೇ ವಾರ ಕಳೆದಿದ್ದ ಅವರು ತಲೆ ತಗ್ಗಿಸಿದರು.

"ಒಂಟಿ ಗೋಡೆ ನಿಲ್ಲಲ್ಲಮ್ಮ. ಗಾಳಿ ಬೀಸಿದ್ರೆ ಯಾರದಾದ್ರೂ ಜೀವ ಹೋಗತ್ತೆ. ಇವತ್ತೇ ಇಳಿಸಬೇಕು."

ಅವರ ಬಾಯಲ್ಲಿ ಇವತ್ತು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮೇಡಂ ಮಾತಿನಲ್ಲೂ ತಪ್ಪಿರಲಿಲ್ಲ, ಮೇಸ್ತ್ರಿಯ ಮಾತಿನಲ್ಲೂ ಇರಲಿಲ್ಲ. ಯಾರ ಮೇಲೆ ಕೂಗಾಡುವುದು? ಕೂಗಾಡಿದರೆ ಯಾವ ಕಲ್ಲು ಮೇಲೇಳುತ್ತದೆ?

ಯಾವ ಕಟ್ಟಡ ಹೋದರೂ ಕೊನೆಯ ಫೋಟೋ ತೆಗೆಯಬೇಕಾದವಳು ನಾನೇ. ಕ್ಯಾಮೆರಾ ತಂದೆ. ಉದ್ಘಾಟನೆಯ ದಿನ ಆ ಫೋಟೋ ತೆಗೆದವನು ಎಲ್ಲಿ ನಿಂತಿದ್ದನೋ ಅಲ್ಲೇ ನಿಂತೆ. ಎಡತುದಿಯಲ್ಲಿ ಗೋಪುರ, ಸಾಲಾಗಿ ಕಮಾನುಗಳು, ಒಂದೊಂದು ಕಿಟಕಿಯಲ್ಲೂ ಬರೀ ಆಕಾಶ. ತೆಗೆದೆ. ಕತ್ತಲಾಗುವ ಮುಂಚೆ ಗೋಡೆ ಇಳಿಯಿತು.

ಮನೆಗೆ ಬಂದು ಅಪ್ಪನ ಮುಂದೆ ಕೂತೆ. ಅವನ ಜೇಬಿನಲ್ಲಿ ಪೆನ್ನು ಇನ್ನೂ ಹಾಗೇ ಇತ್ತು. ಕ್ಯಾಮೆರಾದ ಪರದೆಯನ್ನು ಅವನ ಕಣ್ಣಿನ ಹತ್ತಿರ ಹಿಡಿದೆ.

"ಅಪ್ಪ, ನಿನ್ನದೇ ಅಕ್ಕ ಆಗಿತ್ತು. ಆಗಲೇ ಗೊತ್ತಿತ್ತಾ ನಿನಗೆ? ಅದಕ್ಕೇ ಹೇಳಿದ್ಯಾ?"

ಅಪ್ಪ ನೋಡುತ್ತಲೇ ಇದ್ದ. ನಾನು ಕಾದೆ. ಕಾಫಿಗೆ, ಫ್ಯಾನಿಗೆ, ಔಷಧಿಗೆ ಬರುವ ಆ ಒಂದು ಮಾತು ಈಗಲೂ ಬಂದೇ ಬರುತ್ತದೆ ಎಂದುಕೊಂಡಿದ್ದೆ.

"ನನ್ನಿಂದಲೇ ಹೋಯ್ತಪ್ಪ ಅದು."

ಅಪ್ಪ ಬಾಯಿ ತೆರೆಯಲಿಲ್ಲ. ಆಡುವ ಎಡಗೈಯಿಂದ ಪರದೆಯ ಮೇಲಿನ ಕಿಟಕಿಯೊಂದನ್ನು ಮುಟ್ಟಿದ, ಅಷ್ಟೇ.

"ಅಲ್ಲ ಅನ್ನಪ್ಪ," ಎಂದು ನಾನು ಅವನ ಮೊಣಕಾಲು ಹಿಡಿದುಕೊಂಡೆ. "ಒಂದೇ ಒಂದು ಸಲ ಅನ್ನು."

ಅವನು ಅನ್ನಲಿಲ್ಲ.